ಡಿಜಿಟಲ್ ಜರ್ನಲುಗಳ ಕಾಲದಲ್ಲಿ ಶೋಧನೆಯ ಶಿಸ್ತು: ವಿಶ್ವವಿದ್ಯಾಲಯ ಗ್ರಂಥಾಲಯವನ್ನು ಬಳಸುವ ಬಗೆ

2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟವು ‘ಒಂದು ರಾಷ್ಟ್ರ, ಒಂದು ಚಂದಾ’ ಎಂಬ ಯೋಜನೆಗೆ ಒಪ್ಪಿಗೆ ನೀಡಿ, 2025ರಿಂದ 2027ರವರೆಗಿನ ಮೂರು ವರ್ಷಗಳಿಗಾಗಿ 6,000 ಕೋಟಿ ರೂಪಾಯಿಗಳನ್ನು ಅದಕ್ಕೆ ತೆಗೆದಿರಿಸಿತು. ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್, ವೈಲಿ, ಟೇಲರ್ ಅಂಡ್ ಫ್ರಾನ್ಸಿಸ್, ಸೇಜ್, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಮುದ್ರಣಾಲಯಗಳೂ ಸೇರಿದಂತೆ 30 ಪ್ರಕಾಶಕರ ಸುಮಾರು 13,000 ವಿದ್ವತ್ ನಿಯತಕಾಲಿಕೆಗಳು, ಅಂದರೆ ವಿಶ್ವವಿದ್ಯಾಲಯದ ಆವರಣದಲ್ಲಿ ಎಲ್ಲರೂ ಜರ್ನಲ್ ಎಂದೇ ಕರೆಯುವ ಪ್ರಕಟಣೆಗಳು, ಸರ್ಕಾರಿ ಆಡಳಿತಕ್ಕೆ ಒಳಪಟ್ಟ 6,300ಕ್ಕೂ ಹೆಚ್ಚು ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿ, ಅಧ್ಯಾಪಕ ಮತ್ತು ಸಂಶೋಧಕರಿಗೆ ಒಂದೇ ಒಪ್ಪಂದದಡಿ ದೊರೆಯುವಂತಾದುದು ಈ ಯೋಜನೆಯ ಫಲ. ಕೆಲವೇ ದೊಡ್ಡ ಸಂಶೋಧನ ಸಂಸ್ಥೆಗಳು ಮಾತ್ರ ತೆರಬಲ್ಲ ಬೆಲೆಯ ಜರ್ನಲುಗಳು ಇಂದು ಮೈಸೂರು, ಧಾರವಾಡ, ಕಲಬುರಗಿ, ಶಿವಮೊಗ್ಗಗಳ ಸ್ನಾತಕೋತ್ತರ ವಿದ್ಯಾರ್ಥಿಯ ಕೈಗೂ ಎಟುಕುತ್ತಿವೆ. ಇದು ಸಣ್ಣ ಬದಲಾವಣೆಯಲ್ಲ. ಆದರೆ ಕೆರೆ ತುಂಬಿದ್ದರೂ ತೂಬು ಎತ್ತಲು ಬಾರದವರ ಗದ್ದೆಗೆ ನೀರು ಹರಿಯುವುದಿಲ್ಲ. ಸಾರ್ವಜನಿಕ ಹಣದಿಂದ ಕೊಂಡ ಈ ಸಂಪತ್ತನ್ನು ಬಳಸುವ ವಿದ್ಯೆ ಪಠ್ಯಕ್ರಮದ ಅಂಚಿನಲ್ಲೇ ಉಳಿದಿದೆ, ಮತ್ತು ಆ ವಿದ್ಯೆಯನ್ನು ಕಂಪ್ಯೂಟರಿನ ಕೈಚಳಕವೆಂದು ತಪ್ಪಾಗಿ ಭಾವಿಸಲಾಗಿದೆ.

ಆ ವಿದ್ಯೆಯ ಬೇರು ಕಂಪ್ಯೂಟರಿಗಿಂತ ಬಹಳ ಹಳೆಯದು. 1665ರಲ್ಲಿ ಪ್ಯಾರಿಸ್ಸಿನಲ್ಲಿ ‘ಜುರ್ನಾಲ್ ದೆ ಸಾವಾಂ’, ಲಂಡನ್ನಿನಲ್ಲಿ ಹೆನ್ರಿ ಓಲ್ಡನ್‌ಬರ್ಗ್ ಸಂಪಾದಿಸಿದ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಆರಂಭವಾದ ಮೇಲೆ ವಿದ್ವಾಂಸರ ಖಾಸಗಿ ಪತ್ರಗಳಲ್ಲಿ ಹರಿಯುತ್ತಿದ್ದ ಹೊಸ ತಿಳಿವು ನಿಯತವಾಗಿ ಅಚ್ಚಾಗತೊಡಗಿತು; ಎರಡು ಶತಮಾನ ಕಳೆಯುವಷ್ಟರಲ್ಲಿ ಯಾವೊಬ್ಬ ವಿದ್ವಾಂಸನೂ ತನ್ನ ಶಾಸ್ತ್ರದ ಎಲ್ಲ ಪತ್ರಿಕೆಗಳನ್ನೂ ಓದಲಾರದಷ್ಟು ಅವು ಬೆಳೆದವು. ಆಗ ಹುಟ್ಟಿದ್ದು ಸೂಚಿಗಳು, ಅಂದರೆ ಯಾವ ವಿಷಯದ ಲೇಖನ ಯಾವ ಪತ್ರಿಕೆಯ ಯಾವ ಪುಟದಲ್ಲಿದೆ ಎಂಬುದನ್ನು ವಿಷಯಾನುಕ್ರಮದಲ್ಲಿ ತಿಳಿಸುವ ಪ್ರಕಟಣೆಗಳು. ಅಮೆರಿಕದ ಸೈನ್ಯದ ಶಸ್ತ್ರವೈದ್ಯ ಜಾನ್ ಶಾ ಬಿಲ್ಲಿಂಗ್ಸ್ 1879ರಲ್ಲಿ ಹೊರತಂದ ‘ಇಂಡೆಕ್ಸ್ ಮೆಡಿಕಸ್’ ವೈದ್ಯಶಾಸ್ತ್ರದ ಅಂಥ ಸೂಚಿ. ಅದೇ 1960ರ ದಶಕದಲ್ಲಿ ಕಂಪ್ಯೂಟರಿಗೆ ಏರಿ, 1971ರಲ್ಲಿ ಮೆಡ್‌ಲೈನ್ ಆಗಿ, 1990ರ ದಶಕದ ಉತ್ತರಾರ್ಧದಲ್ಲಿ ಪಬ್‌ಮೆಡ್ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಉಚಿತವಾಯಿತು. ಇಂದಿನ ಡೇಟಾಬೇಸ್ ಎಂಬುದು ಈ ಸೂಚಿಯ ನೇರ ಸಂತತಿ. ಅದರೊಳಗೆ ಪ್ರತಿ ಲೇಖನಕ್ಕೂ ಒಂದು ದಾಖಲೆ ಇರುತ್ತದೆ. ಶೀರ್ಷಿಕೆ, ಲೇಖಕ, ಪತ್ರಿಕೆ, ವರ್ಷ, ಸಾರಾಂಶ, ವಿಷಯಸೂಚಕ ಪದಗಳು ಆ ದಾಖಲೆಯ ಅಂಕಣಗಳು. ಸೂಚಿ ಮಾದರಿಯ ಡೇಟಾಬೇಸಿನಲ್ಲಿ ಶೋಧಕನು ಒಂದು ಪದವನ್ನು ಟೈಪ್ ಮಾಡಿದಾಗ ಯಂತ್ರವು ತಡಕುವುದು ಬಹುಮಟ್ಟಿಗೆ ಈ ದಾಖಲೆಯನ್ನು, ಅಂದರೆ ಲೇಖನವನ್ನು ಕುರಿತು ಯಾರೋ ಬರೆದಿಟ್ಟ ವಿವರಣೆಯನ್ನು. ವಿವರಣೆಯಲ್ಲಿ ಇಲ್ಲದ ಪದದಿಂದ ಲೇಖನವು ಸಿಕ್ಕುವುದಿಲ್ಲ. ಡಿಜಿಟಲ್ ಗ್ರಂಥಾಲಯದ ಎಲ್ಲ ಸೌಲಭ್ಯಗಳೂ ಎಲ್ಲ ಸಂಕಷ್ಟಗಳೂ ಈ ಒಂದು ಸಂಗತಿಯಿಂದ ಹುಟ್ಟುತ್ತವೆ.

ಗ್ರಂಥಾಲಯದ ಜಾಲತಾಣದಲ್ಲಿ ಒಂದೇ ಪಟ್ಟಿಯಲ್ಲಿ ಕಾಣಿಸಿಕೊಳ್ಳುವ ಹೆಸರುಗಳು ಒಂದೇ ಜಾತಿಯವಲ್ಲವೆಂಬುದನ್ನು ಆರಂಭದಲ್ಲೇ ಅರಿಯಬೇಕು. ಪಬ್‌ಮೆಡ್, ಸ್ಕೋಪಸ್, ವೆಬ್ ಆಫ್ ಸೈನ್ಸ್ ಇವು ಸೂಚಿಗಳು. ಲೇಖನ ಇರುವ ತಾಣವನ್ನು ಇವು ತೋರಿಸುತ್ತವೆ, ಲೇಖನವನ್ನು ಕೊಡುವ ಹೊಣೆ ಹೊರುವುದಿಲ್ಲ. ಪ್ರಕಾಶಕರ ತಾಣಗಳು ಪೂರ್ಣಪಾಠವನ್ನು ಕೊಡುತ್ತವೆ, ಆದರೆ ತಮ್ಮ ಪತ್ರಿಕೆಗಳ ಆಚೆಗಿನದನ್ನು ತೋರಿಸುವುದಿಲ್ಲ. 1995ರಲ್ಲಿ ಅಮೆರಿಕದ ಮೆಲನ್ ಪ್ರತಿಷ್ಠಾನದ ನೆರವಿನಿಂದ ಸ್ಥಾಪಿತವಾದ ಜೆಸ್ಟೋರ್, ಗ್ರಂಥಾಲಯಗಳ ಕಪಾಟಿನಲ್ಲಿ ಜಾಗ ತುಂಬುತ್ತಿದ್ದ ಹಳೆಯ ಸಂಪುಟಗಳನ್ನು ಡಿಜಿಟಲ್ ರೂಪದಲ್ಲಿ ಕಾಪಿಡಲು ಹುಟ್ಟಿದ್ದರಿಂದ, ಅನೇಕ ಪತ್ರಿಕೆಗಳ ಇತ್ತೀಚಿನ ಕೆಲವು ವರ್ಷಗಳ ಸಂಚಿಕೆಗಳು ಅದರಲ್ಲಿ ಇರುವುದಿಲ್ಲ. ವರ್ಷ ಉರುಳಿದಂತೆ ಆ ಗಡಿಯೂ ಮುಂದೆ ಸರಿಯುತ್ತದೆ. ಬೆಂಗಳೂರಿನ ಇನ್‌ಫರ್ಮ್ಯಾಟಿಕ್ಸ್ ಸಂಸ್ಥೆ 2001ರಲ್ಲಿ ಆರಂಭಿಸಿದ ಜೆ-ಗೇಟ್, ಬೇರೆ ಬೇರೆ ಪ್ರಕಾಶಕರ ಜರ್ನಲುಗಳ ಒಳಪುಟಗಳಿಗೆ ಒಂದೇ ಕಡೆಯಿಂದ ದಾರಿ ತೋರುವ ಸೂಚಿ. ಚರಿತ್ರೆಯ ವಿದ್ಯಾರ್ಥಿ ಹೊಸ ಲೇಖನಕ್ಕಾಗಿ ಜೆಸ್ಟೋರನ್ನು ಮಾತ್ರ ನೋಡಿದರೆ, ವೈದ್ಯ ವಿದ್ಯಾರ್ಥಿ ಒಬ್ಬ ಪ್ರಕಾಶಕನ ತಾಣವನ್ನು ಮಾತ್ರ ನೋಡಿದರೆ, ಇಬ್ಬರ ಶೋಧವೂ ಮೊದಲ ಹೆಜ್ಜೆಯಲ್ಲೇ ಕುಂಟುತ್ತದೆ.

ಭಾರತದ ವಿಶ್ವವಿದ್ಯಾಲಯಗಳಿಗೆ ಈ ಸೌಲಭ್ಯ ಬಂದ ಬಗೆಯನ್ನು ಚುಟುಕಾಗಿ ಹೇಳಬಹುದು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 1991ರಲ್ಲಿ ಆರಂಭಿಸಿದ ಇನ್‌ಫ್ಲಿಬ್‌ನೆಟ್, ಗುಜರಾತಿನಲ್ಲಿ ನೆಲೆಯೂರಿ, ವಿಶ್ವವಿದ್ಯಾಲಯಗಳ ಪರವಾಗಿ ಪ್ರಕಾಶಕರೊಡನೆ ಒಟ್ಟಾಗಿ ಚಂದಾ ಒಪ್ಪಂದ ಮಾಡಿಕೊಳ್ಳುವ ಕೂಟವನ್ನು ನಡೆಸಿತು. ಕಾಲೇಜುಗಳಿಗಾಗಿ ಎನ್-ಲಿಸ್ಟ್ ಎಂಬ ಇಂಥದೇ ಯೋಜನೆ ಬಂದಿತು. 2015ರಲ್ಲಿ ಇಂಥ ಹಲವು ಕೂಟಗಳು ಇ-ಶೋಧಸಿಂಧು ಎಂಬ ಹೆಸರಿನಲ್ಲಿ ಒಂದಾದವು. ಈಗಿನ ರಾಷ್ಟ್ರೀಯ ಚಂದಾ ಯೋಜನೆಯನ್ನು ನಡೆಸುವುದೂ ಇನ್‌ಫ್ಲಿಬ್‌ನೆಟ್ಟೇ. ಬಳಕೆದಾರನು ತಿಳಿಯಬೇಕಾದ ಸೂಕ್ಷ್ಮ ಪ್ರವೇಶದ ಕ್ರಮದಲ್ಲಿದೆ. ಆವರಣದೊಳಗಿನ ಪ್ರತಿ ಕಂಪ್ಯೂಟರಿನ ಕೋರಿಕೆಯೂ ವಿಶ್ವವಿದ್ಯಾಲಯಕ್ಕೆ ಸೇರಿದ ಜಾಲ ವಿಳಾಸದಿಂದ, ಅಂದರೆ ಐಪಿ ವಿಳಾಸವೆಂಬ ಸಂಖ್ಯೆಯಿಂದ, ಹೊರಡುವುದರಿಂದ ಪ್ರಕಾಶಕನ ಯಂತ್ರವು ಅದನ್ನು ಗುರುತಿಸಿ ಲೇಖನವನ್ನು ತೆರೆಯುತ್ತದೆ. ವಿದ್ಯಾರ್ಥಿಯು ಊರಿಗೆ ಹೋಗಿ ಮನೆಯ ಮೊಬೈಲ್ ಸಂಪರ್ಕದಿಂದ ಅದೇ ಲೇಖನವನ್ನು ಕೇಳಿದರೆ ಆ ಗುರುತು ಇರದ ಕಾರಣ ಹಣ ಕೇಳುವ ಪುಟ ಎದುರಾಗುತ್ತದೆ, ಮತ್ತು ವಿಶ್ವವಿದ್ಯಾಲಯಕ್ಕೆ ಈ ಪತ್ರಿಕೆ ಬರುವುದಿಲ್ಲವೆಂದು ಅವನು ತೀರ್ಮಾನಿಸಿಬಿಡುತ್ತಾನೆ. ಇನ್‌ಫೆಡ್ ಎಂಬ ದೂರಪ್ರವೇಶ ವ್ಯವಸ್ಥೆ ಇರುವುದು ಇದಕ್ಕಾಗಿಯೇ: ಗ್ರಂಥಾಲಯವು ನೀಡಿದ ಹೆಸರು ಮತ್ತು ಗುಪ್ತಪದವನ್ನು ಕೊಟ್ಟರೆ, ಈ ವ್ಯಕ್ತಿ ತಮ್ಮ ಸಂಸ್ಥೆಯವನೆಂದು ವಿಶ್ವವಿದ್ಯಾಲಯವು ಪ್ರಕಾಶಕನಿಗೆ ದೃಢಪಡಿಸುತ್ತದೆ, ಲೇಖನ ತೆರೆಯುತ್ತದೆ. ಈ ಖಾತೆಯನ್ನು ಪ್ರವೇಶ ಪಡೆದ ಮೊದಲ ವಾರದಲ್ಲೇ ಮಾಡಿಸಿಕೊಳ್ಳಬೇಕು. ಅದರ ಜೊತೆಗೇ ಒಂದು ಹೊಣೆಯೂ ಬರುತ್ತದೆ. ಸಂಪುಟಗಟ್ಟಲೆ ಲೇಖನಗಳನ್ನು ತಂತ್ರಾಂಶದ ಮೂಲಕ ಒಮ್ಮೆಗೇ ಇಳಿಸಿಕೊಳ್ಳುವುದನ್ನು ಚಂದಾ ಒಪ್ಪಂದಗಳು ನಿಷೇಧಿಸುತ್ತವೆ. ಒಬ್ಬನ ದುರಾಸೆಯಿಂದ ಇಡೀ ಆವರಣದ ಪ್ರವೇಶ ತಡೆಹಿಡಿಯಲ್ಪಡಬಹುದು.

ಶೋಧನೆಯ ಒಳಸುಳಿಗಳನ್ನು ಅರಿಯಲು ಒಂದೇ ವಿಷಯವನ್ನು ಹಿಡಿದು ಸಾಗುವುದು ಮೇಲು, ಮತ್ತು ಅದಕ್ಕೆ ಮಲೆನಾಡಿನ ಮಂಗನ ಕಾಯಿಲೆಗಿಂತ ತಕ್ಕ ವಿಷಯ ಸಿಕ್ಕುವುದು ಕಷ್ಟ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸಾಯತೊಡಗಿ, ಜನರಲ್ಲೂ ತೀವ್ರ ಜ್ವರ ಕಾಣಿಸಿಕೊಂಡಾಗ ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಅಲ್ಲಿ ಒಂದು ಹೊಸ ವೈರಸ್ಸನ್ನು ಗುರುತಿಸಿದರು. ಅದು ಉಣುಗಿನ ಕಡಿತದಿಂದ ಹರಡುತ್ತದೆಂದು ತಿಳಿಯಿತು. ಮಲೆನಾಡಿನಲ್ಲಿ ಮಂಗನ ಕಾಯಿಲೆ ಎಂದೇ ಮನೆಮಾತಾಗಿರುವ ಈ ರೋಗವನ್ನು ಅದೇ ಹೆಸರಿನ ಇಂಗ್ಲಿಷ್ ರೂಪದಿಂದ ಡೇಟಾಬೇಸಿನಲ್ಲಿ ಹುಡುಕಿದವನಿಗೆ ಕೆಲವು ಲೇಖನಗಳಷ್ಟೇ ದೊರೆಯುತ್ತವೆ, ಬಹುಪಾಲು ಕಾಣೆಯಾಗುತ್ತವೆ, ಏಕೆಂದರೆ ವೈದ್ಯಸಾಹಿತ್ಯದಲ್ಲಿ ಇದರ ಹೆಸರು ‘ಕ್ಯಾಸನೂರ್ ಫಾರೆಸ್ಟ್ ಡಿಸೀಸ್’. ಪಬ್‌ಮೆಡ್ಡಿನ ಹಿಂದೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1960ರಿಂದ ಬೆಳೆಸಿಕೊಂಡು ಬಂದಿರುವ ‘ಮೆಶ್’ ಎಂಬ ನಿಯಂತ್ರಿತ ಪದಕೋಶವಿದೆ. ನಿಯಂತ್ರಿತ ಪದಕೋಶವೆಂದರೆ, ಲೇಖಕರು ಒಂದೇ ಸಂಗತಿಯನ್ನು ಹತ್ತು ಹೆಸರುಗಳಿಂದ ಕರೆದರೂ ಸೂಚಿಕಾರನು ಅವೆಲ್ಲಕ್ಕೂ ಒಂದೇ ಅಧಿಕೃತ ಶೀರ್ಷಿಕೆಯನ್ನು ಕೊಟ್ಟು, ಆ ಶೀರ್ಷಿಕೆಗಳನ್ನು ಮೇಲಿನ ವರ್ಗ, ಕೆಳಗಿನ ವರ್ಗ ಎಂದು ಮರದ ಕೊಂಬೆಗಳಂತೆ ಜೋಡಿಸಿದ ಪಟ್ಟಿ. ಕ್ಯಾಸನೂರು ರೋಗವು ಅಲ್ಲಿ ಫ್ಲೇವಿವೈರಸ್ ಸೋಂಕುಗಳ ಅಡಿಯಲ್ಲೂ ವೈರಸ್‌ಜನ್ಯ ರಕ್ತಸ್ರಾವ ಜ್ವರಗಳ ಅಡಿಯಲ್ಲೂ ಬರುತ್ತದೆ. ಶೋಧಕನು ಆ ಶೀರ್ಷಿಕೆಯಿಂದ ಹುಡುಕಿದರೆ ಲೇಖಕರ ಪದಗಳ ಚಂಚಲತೆ ಅವನನ್ನು ಬಾಧಿಸುವುದಿಲ್ಲ. ಆದರೆ ಈಚಿನ ಲೇಖನಗಳಿಗೆ ಶೀರ್ಷಿಕೆಯನ್ನು ಇನ್ನೂ ಕೊಟ್ಟಿರದಿರಬಹುದು, 2022ರಿಂದ ಆ ಕೆಲಸವನ್ನು ಯಂತ್ರವೇ ಮಾಡುತ್ತಿರುವುದರಿಂದ ತಪ್ಪು ಶೀರ್ಷಿಕೆಯೂ ಬಿದ್ದಿರಬಹುದು, ಆದ್ದರಿಂದ ಅಧಿಕೃತ ಶೀರ್ಷಿಕೆಯನ್ನೂ ಲೇಖನದ ಹೆಸರು ಮತ್ತು ಸಾರಾಂಶದಲ್ಲಿ ಬರುವ ಸಹಜ ಪದಗಳನ್ನೂ ಜೊತೆಯಾಗಿ ಬಳಸುವುದೇ ಸರಿಯಾದ ಕ್ರಮ.

ಇನ್ನೂ ಆಳಕ್ಕೆ ಇಳಿದರೆ ಕಾಲದ ಸಮಸ್ಯೆ ಎದುರಾಗುತ್ತದೆ. ಈ ವೈರಸ್ಸನ್ನು ಮೊದಲು ಕಂಡವರು ಅದು ರಷ್ಯಾದ ವಸಂತ-ಗ್ರೀಷ್ಮ ಮಿದುಳುಜ್ವರದ ವೈರಸ್ಸಿನ ಬಳಗದ್ದೆಂದು ಗುರುತಿಸಿ ಆ ಹೆಸರಿನಲ್ಲೇ ಬರೆದರು. 1960ರ ದಶಕದ ಲೇಖನಗಳು ಅದನ್ನು ಬಿ ಗುಂಪಿನ ಆರ್ಬೋವೈರಸ್ ಎಂದು ಕರೆದವು. ಫ್ಲೇವಿವೈರಸ್ ಎಂಬ ಹೆಸರು ರೂಢಿಗೆ ಬಂದದ್ದು ಅದಾದ ಮೇಲೆ, ಮತ್ತು ಇತ್ತೀಚೆಗೆ ಆ ಕುಲದ ಹೆಸರೇ ಆರ್ಥೋಫ್ಲೇವಿವೈರಸ್ ಎಂದು ಬದಲಾಗಿದೆ. ರೋಗಕ್ಕೆ ತುತ್ತಾಗುವ ಮುಸಿಯನ ವೈಜ್ಞಾನಿಕ ಹೆಸರು ಹಳೆಯ ಲೇಖನಗಳಲ್ಲಿ ಪ್ರೆಸ್ಬೈಟಿಸ್ ಎಂದು, ಈಚಿನವುಗಳಲ್ಲಿ ಸೆಮ್ನೊಪಿಥೆಕಸ್ ಎಂದು ಇರುತ್ತದೆ. ಊರಿನ ಹೆಸರೂ ಹಾಗೆಯೇ: 2014ರ ನವೆಂಬರ್ 1ರಂದು ಶಿಮೊಗಾ ಶಿವಮೊಗ್ಗವಾಯಿತು, ಬೆಳಗಾಂ ಬೆಳಗಾವಿಯಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು, ಕನ್ನಡಿಗರಿಗೆ ಇವು ಮೊದಲಿನಿಂದಲೂ ಇದ್ದ ಹೆಸರುಗಳೇ ಆದರೂ ಇಂಗ್ಲಿಷ್ ದಾಖಲೆಗಳ ಮಟ್ಟಿಗೆ ಆ ದಿನಾಂಕವು ಒಂದು ಗೆರೆ ಎಳೆದಿದೆ. ಹೊಸ ಹೆಸರನ್ನು ಮಾತ್ರ ಟೈಪ್ ಮಾಡಿದವನಿಗೆ ಅರ್ಧ ಶತಮಾನಕ್ಕೂ ಹೆಚ್ಚಿನ ಸಂಶೋಧನೆಯ ಬಹುಭಾಗ ಕಾಣುವುದಿಲ್ಲ. ಇದರ ಮೇಲೆ, ಪಬ್‌ಮೆಡ್ಡಿನಲ್ಲಿ 1975ಕ್ಕೆ ಹಿಂದಿನ ದಾಖಲೆಗಳಲ್ಲಿ ಸಾಮಾನ್ಯವಾಗಿ ಸಾರಾಂಶವೇ ಇರುವುದಿಲ್ಲವಾದ್ದರಿಂದ ಶೀರ್ಷಿಕೆಯಲ್ಲಿ ಬಂದ ಪದದಿಂದಲ್ಲದೆ ಅವು ಮೇಲೇಳುವುದಿಲ್ಲ. ಪರದೆಯ ಮೇಲೆ ಯಾವ ಫಲಿತಾಂಶವೂ ಬರಲಿಲ್ಲವೆಂಬ ಒಂದೇ ಕಾರಣಕ್ಕೆ, ಈ ವಿಷಯದಲ್ಲಿ ಹಿಂದೆ ಯಾರೂ ಕೆಲಸ ಮಾಡಿಲ್ಲವೆಂದು ಪ್ರಬಂಧದ ಪೀಠಿಕೆಯಲ್ಲಿ ಬರೆಯುವುದು ಸಂಶೋಧಕನಿಗೆ ತಕ್ಕ ನಡೆಯಲ್ಲ.

ಹಲವು ಹೆಸರುಗಳನ್ನು ಒಟ್ಟಿಗೆ ಹಿಡಿಯುವ ಉಪಕರಣವು ಹತ್ತೊಂಬತ್ತನೆಯ ಶತಮಾನದ ಗಣಿತಜ್ಞ ಜಾರ್ಜ್ ಬೂಲ್ ಅವರಿಂದ ಬಂದಿದೆ. 1854ರ ತಮ್ಮ ಗ್ರಂಥದಲ್ಲಿ ಅವರು ತರ್ಕವನ್ನು ಬೀಜಗಣಿತದ ರೂಪಕ್ಕೆ ತಂದ ಫಲವಾಗಿ ಇಂದಿನ ಶೋಧಪಟ್ಟಿಗಳಲ್ಲಿ ‘ಆ್ಯಂಡ್’, ‘ಆರ್’, ‘ನಾಟ್’ ಎಂಬ ಮೂರು ಸಂಯೋಜಕಗಳು ಕೆಲಸ ಮಾಡುತ್ತವೆ: ಮೊದಲನೆಯದು ಎರಡೂ ಪದಗಳಿರುವ ದಾಖಲೆಗಳನ್ನು ಮಾತ್ರ ಉಳಿಸುತ್ತದೆ, ಎರಡನೆಯದು ಯಾವುದಾದರೂ ಒಂದು ಪದವಿರುವ ಎಲ್ಲವನ್ನೂ ತರುತ್ತದೆ, ಮೂರನೆಯದು ಬೇಡದ್ದನ್ನು ಕಳೆಯುತ್ತದೆ. ಒಂದೇ ಸಂಗತಿಯ ಪರ್ಯಾಯ ಹೆಸರುಗಳನ್ನು ಆವರಣ ಚಿಹ್ನೆಯೊಳಗೆ ‘ಆರ್’ನಿಂದ ಕೂಡಿಸಿ, ಬೇರೆ ಬೇರೆ ಸಂಗತಿಗಳನ್ನು ‘ಆ್ಯಂಡ್’ನಿಂದ ಬೆಸೆಯುವುದು ಸೂತ್ರ. ಬಿಡದೆ ಒಟ್ಟಿಗೆ ಬರಬೇಕಾದ ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಇಡುವುದು, ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ ಅದರ ಎಲ್ಲ ರೂಪಗಳನ್ನೂ ಹಿಡಿಯುವುದು, ಶೋಧವನ್ನು ಶೀರ್ಷಿಕೆ ಅಥವಾ ಲೇಖಕನ ಅಂಕಣಕ್ಕೆ ಮಿತಗೊಳಿಸುವುದು ಉಳಿದ ಉಪಾಯಗಳು. ‘ನಾಟ್’ ಅನ್ನು ಬಳಸುವಾಗ ಎಚ್ಚರ ಬೇಕು. ಡೆಂಗಿ ಬೇಡವೆಂದು ಅದನ್ನು ಕಳೆದರೆ ಡೆಂಗಿಯೊಡನೆ ಮಂಗನ ಕಾಯಿಲೆಯನ್ನು ಹೋಲಿಸಿ ಬರೆದ ಒಳ್ಳೆಯ ಲೇಖನವೂ ಹೊರಟುಹೋಗುತ್ತದೆ.

ಪ್ರಶ್ನೆಯನ್ನು ಹೀಗೆ ಸಂಗತಿಗಳಾಗಿ ಬಿಡಿಸುವ ವಿದ್ಯೆಯನ್ನು ಶಾಸ್ತ್ರವಾಗಿ ಕಟ್ಟಿದವರು ಎಸ್. ಆರ್. ರಂಗನಾಥನ್. ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನೂ 1933ರಲ್ಲಿ ಕೋಲನ್ ವರ್ಗೀಕರಣವನ್ನೂ ಪ್ರಕಟಿಸಿದ ಅವರು, 1957ರಲ್ಲಿ ಬೆಂಗಳೂರಿಗೆ ಬಂದು ನೆಲಸಿ, 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನಕ್ಕಾಗಿ ಅವರು ಇಟ್ಟ ದತ್ತಿಯನ್ನು ಈ ದತ್ತಿ ಉಪನ್ಯಾಸದಲ್ಲಿ ನೆನೆಯುವುದು ಉಚಿತವೇ ಆಗಿದೆ. ಪ್ರತಿಯೊಂದು ವಿಷಯವೂ ಹಲವು ಮುಖಗಳ ಕೂಟವೆಂದು, ಆ ಮುಖಗಳನ್ನು ಮೊದಲು ಬಿಡಿಸಿ ಆಮೇಲೆ ಬೇಕಾದಂತೆ ಜೋಡಿಸಬಹುದೆಂದು ರಂಗನಾಥನ್ ಕಂಡರು; ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲವರ್ಗಗಳು ಅವರ ಚಿಂತನೆಯ ಚೌಕಟ್ಟು. ಡೇಟಾಬೇಸಿನ ಫಲಿತಾಂಶದ ಪಕ್ಕದಲ್ಲಿ ವರ್ಷ, ವಿಷಯ, ದೇಶ, ಪ್ರಕಟಣೆಯ ಬಗೆ ಎಂದು ಬೇರೆ ಬೇರೆ ಸೋಸುಗಳು ಇಂದು ಕಾಣಿಸಿಕೊಳ್ಳುವುದರಲ್ಲಿ ಈ ಮುಖ ವಿಶ್ಲೇಷಣೆಯ ಪ್ರಭಾವ ಸ್ಪಷ್ಟವಾಗಿದೆ. ಶಿವಮೊಗ್ಗ ಜಿಲ್ಲೆಯಲ್ಲಿ ಮಂಗನ ಕಾಯಿಲೆಗೆ ಹಾಕಿದ ಲಸಿಕೆ ಎಷ್ಟರಮಟ್ಟಿಗೆ ರಕ್ಷಣೆ ನೀಡಿತು ಎಂಬ ಪ್ರಶ್ನೆಯನ್ನೇ ತೆಗೆದುಕೊಂಡರೆ, ರೋಗ, ಲಸಿಕೆ, ಪರಿಣಾಮ, ಸ್ಥಳ, ಕಾಲ ಎಂಬ ಮುಖಗಳು ತಾವಾಗಿಯೇ ಬೇರ್ಪಡುತ್ತವೆ. ಪ್ರತಿ ಮುಖಕ್ಕೂ ಪರ್ಯಾಯ ಪದಗಳನ್ನು ಕಾಗದದ ಮೇಲೆ ಬರೆದುಕೊಂಡ ಬಳಿಕ ಕೀಲಿಮಣೆಯ ಮುಂದೆ ಕುಳಿತರೆ ಗಂಟೆಗಟ್ಟಲೆ ಅಲೆದಾಟ ತಪ್ಪುತ್ತದೆ. ಓದುಗನ ಕಾಲವನ್ನು ಉಳಿಸಬೇಕೆಂಬುದು ಅವರ ನಾಲ್ಕನೆಯ ಸೂತ್ರದ ಕಾಳಜಿಯಾಗಿತ್ತು.

ಪದಗಳನ್ನು ಅವಲಂಬಿಸದ ಇನ್ನೊಂದು ದಾರಿ ಉಲ್ಲೇಖಗಳದು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಸೂಚಿಸಿ 1964ರಲ್ಲಿ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಆಗಿ ಹೊರತಂದ ಕ್ರಮದಲ್ಲಿ, ಒಂದು ಲೇಖನವನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದರೆಂಬುದನ್ನು ತಿಳಿಯಬಹುದು. ಇಂದಿನ ವೆಬ್ ಆಫ್ ಸೈನ್ಸ್ ಅದರ ಮುಂದುವರಿಕೆ. ಲೇಖನದ ಕೊನೆಯ ಗ್ರಂಥಸೂಚಿ ಹಿಂದಕ್ಕೆ ಒಯ್ಯುತ್ತದೆ, ಉಲ್ಲೇಖಸೂಚಿ ಮುಂದಕ್ಕೆ ಒಯ್ಯುತ್ತದೆ. ಕ್ಯಾಸನೂರಿನ ವೈರಸ್ಸನ್ನು ಕುರಿತ ಹಳೆಯ ಲೇಖನವೊಂದನ್ನು ಹಿಡಿದು ಹೀಗೆ ಮುಂದೆ ನಡೆದವನು 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾದ, ವಂಶವಾಹಿ ರಚನೆಯಲ್ಲಿ ಇದಕ್ಕೆ ಅತಿ ನಿಕಟವಾದ ಅಲ್ಖುರ್ಮಾ ವೈರಸ್ಸನ್ನು ತಲುಪುತ್ತಾನೆ. ಸೊರಬದ ಕಾಡನ್ನೂ ಅರಬ್ಬಿ ಮರುಭೂಮಿಯ ನಾಡನ್ನೂ ಜೋಡಿಸುವ ಈ ಸಂಗತಿಗೆ ಊರಿನ ಹೆಸರಿನಿಂದ ಹುಡುಕುವವನು ತಲುಪುವುದು ದುಸ್ತರ. ಉಲ್ಲೇಖಗಳ ಎಣಿಕೆಯನ್ನು ವಿದ್ವಾಂಸರ ಬೆಲೆ ಕಟ್ಟಲು ಬಳಸುವ ರೂಢಿ ಆಮೇಲೆ ಬೆಳೆಯಿತು, ಮತ್ತು ಅದರಿಂದ ಒಳಿತಿಗಿಂತ ಕೇಡೇ ಹೆಚ್ಚಾಯಿತು. ಉಲ್ಲೇಖಸೂಚಿಯ ನಿಜವಾದ ಉಪಯೋಗ ದಾರಿ ಹುಡುಕುವುದರಲ್ಲಿದೆ.

ಸಿಕ್ಕಿದ ಲೇಖನವನ್ನು ಗುರುತಿಸಿಡಲು ಡಿಒಐ ಎಂಬ ಶಾಶ್ವತ ಸಂಕೇತವಿದೆ. 10 ಎಂಬ ಅಂಕಿಯಿಂದ ಆರಂಭವಾಗಿ, ಪ್ರಕಟಿಸಿದವರ ಸಂಖ್ಯೆ, ಒಂದು ಓರೆಗೆರೆ, ಆಮೇಲೆ ಲೇಖನದ ಗುರುತು ಎಂಬ ಕ್ರಮದಲ್ಲಿ ಇರುವ ಈ ಸಂಕೇತವು ಜಾಲತಾಣದ ವಿಳಾಸ ಬದಲಾದರೂ ಬದಲಾಗುವುದಿಲ್ಲ. ಕ್ರಾಸ್‌ರೆಫ್ ಸಂಸ್ಥೆ 2000ದಿಂದ ಜರ್ನಲುಗಳಿಗೆ ಇದನ್ನು ನೋಂದಾಯಿಸುತ್ತಿದೆ. ಪ್ರಶ್ನೆಗೆ ವಾಕ್ಯಗಳಲ್ಲೇ ಉತ್ತರ ಹೆಣೆದುಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಎಂದೂ ಅಚ್ಚಾಗದ ಲೇಖನಗಳ ಹೆಸರನ್ನು ನಿಜವಾದ ಲೇಖಕರ ಹೆಸರಿನೊಡನೆ ಸೇರಿಸಿ ಕೊಡುವುದು ಈಗ ಎಲ್ಲರೂ ಅರಿತ ಸಂಗತಿಯಾದ್ದರಿಂದ, ಉಲ್ಲೇಖಿಸುವ ಪ್ರತಿ ಲೇಖನವನ್ನೂ ಡಿಒಐ ಮೂಲಕ ತೆರೆದು ನೋಡಿ, ಓದಿ, ಅದು ಹಿಂಪಡೆಯಲ್ಪಟ್ಟಿದೆಯೇ ಎಂಬುದನ್ನೂ ಪರೀಕ್ಷಿಸಿದ ಮೇಲಷ್ಟೇ ಗ್ರಂಥಸೂಚಿಗೆ ಸೇರಿಸಬೇಕು. 2004ರಲ್ಲಿ ಬಂದ ಗೂಗಲ್ ಸ್ಕಾಲರ್ ವಿಸ್ತಾರದಲ್ಲಿ ದೊಡ್ಡದು, ಕನ್ನಡ ಲಿಪಿಯ ಬರಹಗಳನ್ನೂ ಒಂದಿಷ್ಟು ತೋರಿಸುತ್ತದೆ. ಆದರೆ ತಾನು ಯಾವ ಪತ್ರಿಕೆಗಳನ್ನು ಒಳಗೊಂಡಿದ್ದೇನೆಂಬ ಪಟ್ಟಿಯನ್ನು ಅದು ಕೊಡುವುದಿಲ್ಲ, ಒಳ್ಳೆಯ ಪತ್ರಿಕೆಯನ್ನೂ ಹಣ ಪಡೆದು ಏನನ್ನಾದರೂ ಅಚ್ಚುಮಾಡುವ ನಕಲಿ ಪತ್ರಿಕೆಯನ್ನೂ ಬೇರ್ಪಡಿಸುವುದಿಲ್ಲ. ಮೊದಲ ನೋಟಕ್ಕೆ ಅದು ಸಾಕು, ಪ್ರಬಂಧಕ್ಕೆ ಸಾಲದು.

ವಿಜ್ಞಾನ ವಿಷಯಗಳಲ್ಲಿ ಇಷ್ಟೆಲ್ಲ ಸಾಧ್ಯವಿರುವಾಗ ಕನ್ನಡ ಭಾಷೆ, ಸಾಹಿತ್ಯ, ಶಾಸನ, ಜಾನಪದಗಳ ಸಂಶೋಧಕನ ಸ್ಥಿತಿ ತೀರ ಬೇರೆಯಾಗಿದೆ, ಮತ್ತು ಈ ಉಪನ್ಯಾಸದ ಮುಖ್ಯ ಆತಂಕವೂ ಅದೇ. ಇಂಗ್ಲಿಷಿನಲ್ಲಿ ಬಂದ ಬರಹಗಳನ್ನು ಹುಡುಕುವಾಗ ಎದುರಾಗುವ ತೊಡಕು ರೋಮನ್ ಕಾಗುಣಿತದ್ದು. ಜೆ. ಎಫ್. ಫ್ಲೀಟ್ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಪ್ರಕಟಿಸಿದ ಶಾಸನಮಾಲೆಯ ಹೆಸರಿನಲ್ಲಿ ಕನ್ನಡವು ಹಳೆ ಕೆನರೀಸ್ ಎಂದಿದೆ, ಆ ಕಾಲದ ಬರಹಗಳನ್ನು ಕನ್ನಡ ಎಂಬ ಪದದಿಂದ ಹುಡುಕುವುದು ವ್ಯರ್ಥ. ಬಸವ, ಬಸವಣ್ಣ, ಬಸವೇಶ್ವರ ಎಂಬ ಮೂರು ರೂಪಗಳೂ, ಅವುಗಳಲ್ಲಿ ವಕಾರಕ್ಕೆ ಬಳಸುವ ಎರಡು ರೋಮನ್ ಅಕ್ಷರಗಳೂ, ಶಕಾರವನ್ನು ಬರೆಯುವ ಮೂರು ಬಗೆಗಳೂ, ದೀರ್ಘಕ್ಕೆ ಮೇಲುಗೆರೆ ಹಾಕುವವರು ಮತ್ತು ಹಾಕದವರೂ ಸೇರಿದರೆ ಒಬ್ಬ ವಚನಕಾರನ ಹೆಸರೇ ಹತ್ತಾರು ವೇಷಗಳಲ್ಲಿ ಚದುರಿಹೋಗುತ್ತದೆ. ವೀರಶೈವ, ಧಾರವಾಡ, ಹೊಯ್ಸಳ ಎಂಬ ಪದಗಳಿಗೂ ಇದೇ ಪಾಡು. ಸಂಶೋಧಕನು ತನ್ನ ವಿಷಯದ ಪ್ರತಿ ಮುಖ್ಯ ಪದಕ್ಕೂ ಇಂಥ ರೂಪಗಳ ಪಟ್ಟಿಯೊಂದನ್ನು ಮಾಡಿಟ್ಟುಕೊಂಡು, ಎಲ್ಲವನ್ನೂ ‘ಆರ್’ನಿಂದ ಕೂಡಿಸಿ ಹುಡುಕುವುದಲ್ಲದೆ ಬೇರೆ ಮಾರ್ಗವಿಲ್ಲ.

ಕನ್ನಡ ಲಿಪಿಯಲ್ಲೇ ಇರುವ ಬರಹಗಳ ಕಷ್ಟ ಇನ್ನೂ ಆಳವಾದುದು. ಯೂನಿಕೋಡ್ ಎಂಬುದು ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ನಿಶ್ಚಿತ ಸಂಖ್ಯೆ ಕೊಡುವ ವ್ಯವಸ್ಥೆ. ಅದರಲ್ಲಿ ಕನ್ನಡಕ್ಕೆ ಆರಂಭದಿಂದಲೂ ಸ್ಥಾನವಿದ್ದರೂ, ಪ್ರಬಂಧಗಳು ಮತ್ತು ಪತ್ರಿಕೆಗಳು ಬಹುಕಾಲ ಹಳೆಯ ಫಾಂಟುಗಳಲ್ಲಿ ಸಿದ್ಧವಾದವು. ಅಂಥ ಕಡತವು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥಹೀನ ರೋಮನ್ ಅಕ್ಷರಗಳ ಸಾಲು. ಮುದ್ರಿತ ಪುಟವನ್ನು ಸ್ಕ್ಯಾನ್ ಮಾಡಿದ್ದರೆ ಅದು ಬರಿಯ ಚಿತ್ರ. ಅಕ್ಷರ ಗುರುತಿಸುವ ತಂತ್ರಾಂಶ ಅದರ ಮೇಲೆ ಕೆಲಸ ಮಾಡುವವರೆಗೆ ಅದರೊಳಗಿನ ಒಂದು ಪದವೂ ಶೋಧಕ್ಕೆ ಸಿಗುವುದಿಲ್ಲ. ಯೂನಿಕೋಡಿನಲ್ಲೇ ಇದ್ದರೂ ಅರ್ಕಾವತ್ತನ್ನು ಬರೆಯುವ ಎರಡು ಕ್ರಮಗಳ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದು ಸೇರಿಕೊಂಡು, ಒಂದೇ ಪದವು ಯಂತ್ರಕ್ಕೆ ಎರಡಾಗಿ ತೋರಬಹುದು. ಭಾಷೆಯ ಸ್ವಭಾವವೂ ಸೇರುತ್ತದೆ: ಶಾಸನ, ಶಾಸನಗಳು, ಶಾಸನಗಳಲ್ಲಿ, ಶಾಸನಾಧ್ಯಯನ, ಶಾಸನೋಕ್ತ ಎಂದು ವಿಭಕ್ತಿ ಮತ್ತು ಸಂಧಿಗಳಿಂದ ರೂಪಗಳು ಬೆಳೆಯುವ ಕನ್ನಡದಲ್ಲಿ ಪದದ ತುದಿಗೆ ನಕ್ಷತ್ರ ಹಾಕಿದರೂ ಕೆಲವು ಪದಗಳ ಸಂಧಿಯಾದ ರೂಪಗಳು ಕೈತಪ್ಪುತ್ತವೆ, ಏಕೆಂದರೆ ಅಲ್ಲಿ ಮೂಲಪದದ ಕೊನೆಯ ಸ್ವರಚಿಹ್ನೆಯೇ ಬದಲಾಗಿರುತ್ತದೆ, ಮೂಲವನ್ನು ಒಂದಕ್ಷರ ಮೊದಲೇ ತುಂಡರಿಸಿ ನಕ್ಷತ್ರ ಹಾಕುವುದು ಇದಕ್ಕಿರುವ ಸದ್ಯದ ಉಪಾಯ.

ಧನಸಹಾಯ ಆಯೋಗದ 2009ರ ನಿಯಮದ ಮೇರೆಗೆ ದೇಶದ ಪಿಎಚ್.ಡಿ. ಮಹಾಪ್ರಬಂಧಗಳನ್ನು ಸೇರಿಸಿಕೊಳ್ಳುತ್ತಿರುವ ಶೋಧಗಂಗಾ ಭಂಡಾರದಲ್ಲಿ ಕರ್ನಾಟಕದ ವಿಶ್ವವಿದ್ಯಾಲಯಗಳ ಕನ್ನಡ ಮಹಾಪ್ರಬಂಧಗಳೂ ಇವೆ, ಎಲ್ಲರಿಗೂ ಉಚಿತವಾಗಿ ತೆರೆದಿವೆ. ಆದರೆ ಶೀರ್ಷಿಕೆಯನ್ನು ಕೆಲವೆಡೆ ಕನ್ನಡ ಲಿಪಿಯಲ್ಲಿ, ಕೆಲವೆಡೆ ರೋಮನ್ನಿನಲ್ಲಿ, ಕೆಲವೆಡೆ ಇಂಗ್ಲಿಷಿಗೆ ಅನುವಾದಿಸಿ ನಮೂದಿಸಿರುವುದರಿಂದ, ಒಂದೇ ವಿಷಯದ ಮೂರು ಪ್ರಬಂಧಗಳು ಮೂರು ಬೇರೆ ಶೋಧಗಳಿಂದ ಮಾತ್ರ ದೊರೆಯಬಹುದು. ಈ ದಿಕ್ಕಿನಲ್ಲಿ ಮೊದಲು ಯೋಚಿಸಿದ ಕೀರ್ತಿ ಕರ್ನಾಟಕದ್ದೇ. ಮೈಸೂರು ವಿಶ್ವವಿದ್ಯಾಲಯದ ‘ವಿದ್ಯಾನಿಧಿ’ ಯೋಜನೆಯು ಶೋಧಗಂಗೆಗಿಂತ ವರ್ಷಗಳ ಮೊದಲೇ, 2000ದ ಸುಮಾರಿಗೆ, ಮಹಾಪ್ರಬಂಧಗಳ ಡಿಜಿಟಲ್ ಭಂಡಾರವನ್ನು ಕಟ್ಟಲು ಹೊರಟು ಕನ್ನಡದ ವಿವರಣೆಗಳನ್ನು ಯೂನಿಕೋಡಿನಲ್ಲಿ ದಾಖಲಿಸುವ ಪ್ರಯೋಗ ನಡೆಸಿತು. ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲಿ ತನ್ನ ಸಂಶೋಧಕರ ಲೇಖನಗಳಿಗೆ ತೆರೆದ ಭಂಡಾರವನ್ನು ಆರಂಭಿಸಿ ದೇಶಕ್ಕೆ ಮಾದರಿಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಜರ್ನಲುಗಳ ಸಂಚಿಕೆಗಳನ್ನು ಉಚಿತವಾಗಿ ಓದಲು ಒದಗಿಸಿತು. ಅದೇ ನಾಡಿನಲ್ಲಿ ಹುಟ್ಟಿದ ಕನ್ನಡ ವಿದ್ವತ್ಪತ್ರಿಕೆಗಳು ಮಾತ್ರ ಅಂತರರಾಷ್ಟ್ರೀಯ ಸೂಚಿಗಳಲ್ಲಿ ಇಲ್ಲವೆನ್ನುವಷ್ಟು ವಿರಳ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಆರಂಭಿಸಿ ಮುಂದೆ ಮೈಸೂರು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದ ‘ಪ್ರಬುದ್ಧ ಕರ್ನಾಟಕ’ದಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆಯಲ್ಲಿ ಕನ್ನಡ ಸಂಶೋಧನೆಯ ಅಡಿಗಲ್ಲಿನಂಥ ಬರಹಗಳು ಬಂದಿವೆ. ಸ್ಕೋಪಸ್‌ನಂಥ ಸೂಚಿಗೆ ಸೇರಬೇಕಾದ ಪತ್ರಿಕೆಯ ಲೇಖನಗಳಿಗೆ ಇಂಗ್ಲಿಷಿನ ಶೀರ್ಷಿಕೆ ಮತ್ತು ಸಾರಾಂಶ ಇರಲೇಬೇಕೆಂಬ ನಿಯಮವಿದೆ. ಲೇಖನವು ಕನ್ನಡದಲ್ಲಿರುವುದಕ್ಕೆ ಆಕ್ಷೇಪವಿಲ್ಲ. ಅಂದರೆ ಕನ್ನಡದ ವಿದ್ವತ್ತು ಹೊರಗುಳಿದಿರುವುದಕ್ಕೆ ಅದರ ಭಾಷೆಯಷ್ಟೇ ಕಾರಣವಲ್ಲ, ಅದಕ್ಕೆ ವಿವರಣೆಯನ್ನು ಯಾರೂ ಬರೆಯದಿರುವುದೂ ಕಾರಣ.

ಚಂದಾ ಕೊಟ್ಟು ಪಡೆದ ಡಿಜಿಟಲ್ ಜರ್ನಲುಗಳು ಗ್ರಂಥಾಲಯದ ಸ್ವತ್ತಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಅಚ್ಚಾದ ಸಂಪುಟವು ಚಂದಾ ನಿಂತ ಮೇಲೂ ಕಪಾಟಿನಲ್ಲಿ ಉಳಿಯುತ್ತಿತ್ತು. ಡಿಜಿಟಲ್ ಪ್ರವೇಶವು ಒಪ್ಪಂದದಲ್ಲಿ ಶಾಶ್ವತ ಹಕ್ಕನ್ನು ಬರೆಸಿಕೊಂಡಿರದಿದ್ದರೆ ಅವಧಿ ಮುಗಿದ ದಿನವೇ ಮುಚ್ಚಬಹುದು. 2027ರ ಬಳಿಕದ ಒಪ್ಪಂದಗಳನ್ನು ರೂಪಿಸುವವರು ಈ ಹಕ್ಕನ್ನು ಬೆಲೆಯಷ್ಟೇ ಮುಖ್ಯವಾಗಿ ಚರ್ಚಿಸಬೇಕು. ತೆರೆದ ಭಂಡಾರಗಳಿಗೆ ಆ ಭಯವಿಲ್ಲ. ಕನ್ನಡದ ಪತ್ರಿಕೆಗಳು ಆ ದಾರಿಯಲ್ಲೇ ಬರಬೇಕಾದುದು ಸಹಜ.

ಆದ್ದರಿಂದ ಕರ್ನಾಟಕದ ವಿಶ್ವವಿದ್ಯಾಲಯಗಳ ಮುಂದೆ ಎರಡು ಕೋರಿಕೆಗಳನ್ನು ಇಡಬೇಕಾಗಿದೆ. ಶೋಧನೆಯ ಶಿಸ್ತನ್ನು ಒಂದು ದಿನದ ಪರಿಚಯ ಕಾರ್ಯಕ್ರಮಕ್ಕೆ ಬಿಟ್ಟುಕೊಡದೆ ಸ್ನಾತಕೋತ್ತರ ತರಗತಿಗಳ ಮೊದಲ ಸೆಮಿಸ್ಟರಿನಲ್ಲಿ, ಆಯಾ ವಿಷಯದ ಅಧ್ಯಾಪಕರೂ ಗ್ರಂಥಪಾಲರೂ ಜೊತೆಗೂಡಿ, ಕನ್ನಡದಲ್ಲಿಯೇ ಕಲಿಸಬೇಕು. ಖಾಲಿ ಇರುವ ಗ್ರಂಥಪಾಲಕರ ಹುದ್ದೆಗಳನ್ನು ಅದಕ್ಕಾಗಿ ತುಂಬಬೇಕು. ಕನ್ನಡ ಅಧ್ಯಯನ ಸಂಸ್ಥೆಗಳೂ ಪತ್ರಿಕೆಗಳ ಸಂಪಾದಕರೂ ತಮ್ಮ ಹಳೆಯ ಸಂಚಿಕೆಗಳ ಪ್ರತಿ ಲೇಖನಕ್ಕೂ ಯೂನಿಕೋಡಿನಲ್ಲಿ ಕನ್ನಡ ಶೀರ್ಷಿಕೆ, ಏಕರೂಪದ ರೋಮನ್ ಲಿಪ್ಯಂತರ, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಕಿರುಸಾರಾಂಶ, ವಿಷಯಸೂಚಕ ಪದಗಳು ಮತ್ತು ಡಿಒಐ ಇರುವ ದಾಖಲೆಗಳನ್ನು ಸಿದ್ಧಪಡಿಸಿ ಎಲ್ಲರಿಗೂ ತೆರೆದಿಡಬೇಕು. ಈ ಕೆಲಸಕ್ಕೆ ಬೇಕಾದ ಕನ್ನಡ ಬಲ್ಲ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರತಿ ವಿಭಾಗದಲ್ಲೂ ಇದ್ದಾರೆ, ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ‘ಪ್ರಬುದ್ಧ ಕರ್ನಾಟಕ’ದ ಮೊದಲ ಸಂಪುಟದಿಂದಲೇ ಇದನ್ನು ಆರಂಭಿಸಬಹುದು.